ಹೂವು ಉಗಾಂಡಾ ಎಂದಿತು

ವಡಪಳನಿ

ನಮ್ಮ ವಂಶದಲ್ಲಿ ಗೊರಿಲ್ಲಾ ಆಗಿ ದುಡಿದು ಮನೆ ಕಟ್ಟಿಸಿದವನು ಒಬ್ಬನೇ, ನನ್ನ ಶೇಷು ಚಿಕ್ಕಪ್ಪ. ಮದ್ರಾಸಿನ ವಡಪಳನಿಯ ಸ್ಟುಡಿಯೋಗಳಲ್ಲಿ ಕಾಡಿನ ಸೀನು ಬಂತೆಂದರೆ ಅವನಿಗೆ ಕರೆ ಬರುತ್ತಿತ್ತು. ಕಂಬಳಿಗೆ ಕೂದಲು ಹೊಲಿದ ಉಡುಪಿನೊಳಗೆ ಹೊಕ್ಕು, ನಾಯಕಿಯನ್ನು ಹೆಗಲ ಮೇಲೆ ಹಾಕಿಕೊಂಡು ಓಡಿ, ಕೊನೆಗೆ ನಾಯಕನ ಕೈಲಿ ಒದೆ ತಿಂದು ಸಾಯುವುದು ಅವನ ಕಸುಬು. ದಕ್ಷಿಣದ ನಾಲ್ಕೂ ಭಾಷೆಗಳಲ್ಲಿ ಸತ್ತಿದ್ದಾನೆ. ಪರದೆಯ ಮೇಲೆ ಅವನ ಮುಖ ಕಂಡವರಿಲ್ಲ. ನಾನು ಅವನಿಗಿಂತ ಒಂದು ಕೈ ಮೇಲು. ಡಬ್ಬಿಂಗ್ ಕಲಾವಿದನಾದ ನನಗೆ ಮುಖವೂ ಇಲ್ಲ, ಮೈಯೂ ಇಲ್ಲ. ಸಂಜೆ ಹೊತ್ತು ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುವಾಗ ಮಾತ್ರ ಜನ ನನ್ನನ್ನು ನೋಡುತ್ತಾರೆ. ನೋಡಿ, ಊಟಕ್ಕೆ ಎದ್ದು ಹೋಗುತ್ತಾರೆ.

ಚಿಕ್ಕಪ್ಪನಿಗೆ ಈಗ ಎಪ್ಪತ್ತರ ಹತ್ತಿರ. ಒಂದು ದಿನ ಕಾಫಿ ಲೋಟ ಕೆಳಗಿಟ್ಟು ಹೇಳಿದ: "ರಾಘು, ಒಂದ್ಸಲ ನಿಜವಾದ್ದನ್ನ ನೋಡ್ಬೇಕೋ. ಇಷ್ಟು ವರ್ಷ ಮಾಡಿದ್ದು ಸರಿಯಾ ತಪ್ಪಾ ಅಂತ ತಿಳೀಬೇಕು."

"ಫೋನಲ್ಲಿ ಬೇಕಾದಷ್ಟು ವಿಡಿಯೋ ಇದೆಯಲ್ಲ."

"ಅದು ಕ್ಯಾಮೆರಾ ಇಟ್ಟೋನು ನೋಡಿದ್ದು. ಎದುರಿಗೆ ಮನುಷ್ಯ ನಿಂತಾಗ ಅದರ ಮೈ ಏನ್ ಮಾಡತ್ತೆ? ಅದು ಬೇಕು ನಂಗೆ. ಡೈರೆಕ್ಟರುಗಳೆಲ್ಲ ಒಂದೇ ಹೇಳೋರು, 'ನೆಂಜ ಅಡಿಯ್ಯಾ, ನೆಂಜ ಅಡಿ!' ಎದೆ ಬಡ್ಕೊಂಡು ಬಡ್ಕೊಂಡು ಪಕ್ಕೆಲುಬು ಸವೆದು ಹೋಯ್ತು."

ಮೊಣಕಾಲಿನ ಡಾಕ್ಟರು ಬೇರೆ ಹೆದರಿಸಿದ್ದರು. ಬೆಟ್ಟ ಹತ್ತುವುದಿದ್ದರೆ ಈ ವರ್ಷವೇ, ಆಮೇಲೆ ದೇವಸ್ಥಾನದ ಮೆಟ್ಟಿಲಿಗೂ ಕೈಮುಗಿದು ಕೆಳಗೇ ನಿಲ್ಲಬೇಕು ಎಂದು.

ಬೆಟ್ಟದ ಗೊರಿಲ್ಲಾ ಇರುವುದು ಮೂರೇ ದೇಶಗಳಲ್ಲಿ. ಮೂರೂ ಅಕ್ಕಪಕ್ಕದ ಮನೆಗಳು. ಕಾಂಗೋ, ರುವಾಂಡಾ, ಉಗಾಂಡಾ. ಚಿಕ್ಕಪ್ಪ ಕಾಂಗೋ ಎಂದ. "ನಾನು ಕಾಂಗೋದಲ್ಲಿ ಎಷ್ಟು ಸಲ ಸತ್ತಿಲ್ಲ! ಜಾಗ ಗೊತ್ತಿದೆ." ಅವನು ಸತ್ತಿದ್ದೆಲ್ಲ ಸ್ಟುಡಿಯೋ ಹಿಂಭಾಗದ ಕ್ಯಾಂಟೀನಿಗೆ ಅಂಟಿಕೊಂಡಿದ್ದ ಕಾಂಗೋದಲ್ಲಿ. ನಿಜವಾದ ಕಾಂಗೋದಲ್ಲಿ ಗುಂಡಿನ ಕಾಳಗ ನಡೆಯುತ್ತಿತ್ತು. ಅದು ಹೋಯಿತು. ಉಳಿದದ್ದು ಎರಡು.

ನುಂಗಂಬಾಕ್ಕಂ

ಪ್ರವಾಸ ಏಜೆಂಟ್ ಮಾಲತಿ ಮೇಡಂ ನಮ್ಮನ್ನು ಎದುರು ಕೂರಿಸಿಕೊಂಡು ಗೋಡೆಯ ನಕ್ಷೆಯ ಮೇಲೆ ಪೆನ್ನು ಆಡಿಸಿದರು. ರುವಾಂಡಾ ಸಲೀಸು. ವಿಮಾನ ಇಳಿದರೆ ನಯವಾದ ರಸ್ತೆ, ಮನುಷ್ಯರಿಗೆ ಒಗ್ಗಿಕೊಂಡ ಗೊರಿಲ್ಲಾ ಕುಟುಂಬಗಳು ಹಲವು. ಒಂದು ಸಿಗದಿದ್ದರೆ ಇನ್ನೊಂದು. ಉಗಾಂಡಾದ ದೊಡ್ಡ ಕಾಡು ಕಡಿದಾದ ಇಳಿಜಾರು, ಚಿಕ್ಕಪ್ಪನ ಕಾಲಿಗೆ ಆಗದು. ಆದರೆ ಅಲ್ಲೇ, ಮೂರು ದೇಶಗಳೂ ಕೂಡುವ ಮೂಲೆಯಲ್ಲಿ, ಜ್ವಾಲಾಮುಖಿ ಬೆಟ್ಟಗಳ ಬುಡದಲ್ಲಿ ಒಂದು ಪುಟ್ಟ ಕಾಡಿದೆ. ದಾರಿ ಅಷ್ಟು ಕಷ್ಟವಲ್ಲ.

"ಆದರೆ ಸಾರ್, ಅಲ್ಲಿ ಒಗ್ಗಿಕೊಂಡಿರೋ ಕುಟುಂಬ ಒಂದೇ. ಮುಂಚೆ ಅದು ಗಡಿ ದಾಟಿ ರುವಾಂಡಾ ಕಡೆ ಹೊರಟುಹೋಗ್ತಿತ್ತು. ಈಗ ಇಲ್ಲೇ ಇದೆ ಅಂತಾರೆ. ಹೋದ ದಿನ ಅದು ಆ ಕಡೆ ಇದ್ದರೆ ನಾನೇನೂ ಮಾಡೋಕಾಗಲ್ಲ."

ನಾನು ರುವಾಂಡಾ ಎಂದೆ. ಚಿಕ್ಕಪ್ಪ ಉಗಾಂಡಾ ಎಂದ. ಹಲವು ಕುಟುಂಬ ಇರುವ ಕಡೆ ಗೊರಿಲ್ಲಾಗಳು ನಮ್ಮ ಜೂನಿಯರ್ ಆರ್ಟಿಸ್ಟುಗಳ ಹಾಗೆ ಬೇಸತ್ತು ಹೋಗಿರುತ್ತವೆ ಎಂಬುದು ಅವನ ವಾದ. ಮನೆಗೆ ಬರುವ ತನಕ ಆಟೋದಲ್ಲಿ ಜಗಳವಾಡಿದೆವು. ನಾನು ಅವನ ದನಿಯಲ್ಲೂ ಮಾತಾಡಿ ಎರಡೂ ಕಡೆಯ ವಾದ ನಾನೇ ಮಾಡಿದ್ದರಿಂದ ಆಟೋದವನು ತಿರುಗಿ ತಿರುಗಿ ನೋಡಿದ.

ಅಮ್ಮ ನಮ್ಮಿಬ್ಬರ ಬಾಯಿ ಮುಚ್ಚಿಸಿದಳು. "ಸುಮ್ನಿರ್ರೋ. ಹೂ ಹಾಕಿ ನೋಡ್ತೀನಿ."

ತಲೆಮಾರುಗಳಿಂದ ಮದ್ರಾಸಿನಲ್ಲಿ ಬೇರೂರಿದ ನಮ್ಮಂಥ ವೈಷ್ಣವರ ಮನೆಗಳಲ್ಲಿ ಹುಡುಗಿ ನೋಡುವುದರಿಂದ ಹಿಡಿದು ಫ್ಲಾಟು ಕೊಳ್ಳುವ ತನಕ ಇದೇ ಕೊನೆಯ ನ್ಯಾಯಾಲಯ. ಕೆಂಪು ಹೂವು ಒಂದು ಪೊಟ್ಟಣದಲ್ಲಿ, ಬಿಳಿ ಹೂವು ಇನ್ನೊಂದರಲ್ಲಿ. ಎರಡನ್ನೂ ದೇವರ ಮುಂದೆ ಹಾಕಿ, ಕಣ್ಣು ಮುಚ್ಚಿ ಒಂದನ್ನು ಎತ್ತುವುದು. ಕೆಂಪು ರುವಾಂಡಾ, ಬಿಳಿ ಉಗಾಂಡಾ. ಅಮ್ಮ ಪೊಟ್ಟಣಗಳನ್ನು ರಾಯರ ಮುಂದೆ ಇಡಲಿಲ್ಲ, ಶ್ರೀನಿವಾಸನ ಮುಂದೆಯೂ ಇಡಲಿಲ್ಲ. ನೇರ ಹನುಮಂತನ ಮುಂದೆ ಇಟ್ಟಳು.

"ಈ ವಿಷಯ ಅವನಿಗೆ ಗೊತ್ತಿರೋಷ್ಟು ಇನ್ಯಾರಿಗೆ ಗೊತ್ತಿರತ್ತೆ?"

ಬಿಳಿ ಬಂತು. ಚಿಕ್ಕಪ್ಪ ಚುನಾವಣೆ ಗೆದ್ದವನ ಹಾಗೆ ಕೈ ಎತ್ತಿದ. ನಾನು ಮಾತ್ರ ಬೆರಳು ಮಡಚಿ ಎಣಿಸಿದೆ. ಒಂದೇ ಕುಟುಂಬ, ಒಂದೇ ದಿನ, ಒಂದೇ ಜೊತೆ ಮೊಣಕಾಲು.

ಕಿಗಾಲಿ

ಉಗಾಂಡಾಕ್ಕೆ ಹೊರಟವರು ಇಳಿದದ್ದು ರುವಾಂಡಾದಲ್ಲಿ. ಆ ಮೂಲೆಗೆ ಕಿಗಾಲಿ ವಿಮಾನ ನಿಲ್ದಾಣವೇ ಹತ್ತಿರ. ಹನುಮಂತನಿಗೆ ದೇಶ ಗೊತ್ತಿತ್ತು, ವಿಮಾನದ ದಾರಿ ಗೊತ್ತಿರಲಿಲ್ಲ. ಅವನಿಗೆ ಅದರ ಅಗತ್ಯ ಬಿದ್ದಿರಲಿಲ್ಲವಲ್ಲ.

ಆ ದೇಶದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಪ್ರವೇಶವಿಲ್ಲ. ಅಮ್ಮ ಚಟ್ನಿಪುಡಿಗೆ ಒಂದು ಕವರು, ಆ ಕವರಿಗೆ ಒಂದು ಕವರು, ಎರಡಕ್ಕೂ ಸೇರಿ ಜವಳಿ ಅಂಗಡಿಯ ದೊಡ್ಡ ಕವರು ಸುತ್ತಿದ್ದಳು. ಅಧಿಕಾರಿಣಿ ಒಂದೊಂದೇ ಬಿಚ್ಚಿದಳು, ಈರುಳ್ಳಿ ಸುಲಿದ ಹಾಗೆ. ಕೊನೆಗೆ ಚಟ್ನಿಪುಡಿಯನ್ನು ಚಿಕ್ಕಪ್ಪ ತನ್ನ ಮಂಕಿ ಕ್ಯಾಪಿನೊಳಗೆ ಸುರಿದುಕೊಂಡು ರುವಾಂಡಾ ಪ್ರವೇಶಿಸಿದ.

ಊರು ನೋಡುತ್ತ ಹೊರಟೆವು. ರಸ್ತೆಯಲ್ಲಿ ಒಂದು ಕಾಗದದ ಚೂರಿಲ್ಲ. ಬೈಕ್ ಟ್ಯಾಕ್ಸಿಯವರೆಲ್ಲ ಹಿಂದೆ ಕೂರುವವರಿಗೂ ಹೆಲ್ಮೆಟ್ ಕೊಡುತ್ತಾರೆ. ಚೆನ್ನೈಯ ಶೋಳಿಂಗನಲ್ಲೂರಿನ ಸಿಗ್ನಲ್ಲಿನಲ್ಲಿ ಒಂದು ಬೈಕಿನ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ಗ್ಯಾಸ್ ಸಿಲಿಂಡರ್ ನೋಡಿ ಬೆಳೆದ ನನಗೆ ಇದು ಯಾವುದೋ ಸೆಟ್ಟಿನ ಹಾಗೆ ಕಂಡಿತು.

"ಇಲ್ಲೇ ನೋಡಬಹುದಿತ್ತು," ಎಂದೆ.

"ಹೂವು ಹೇಳಿದ್ಮೇಲೆ ಮುಗೀತು ಕಣೋ," ಎಂದ ಚಿಕ್ಕಪ್ಪ. ಆದರೆ ಅವನೂ ಕಿಟಕಿಯಿಂದ ಆ ನುಣ್ಣನೆ ರಸ್ತೆಯನ್ನೇ ನೋಡುತ್ತಿದ್ದ.

ಗಡಿ

ರುವಾಂಡಾದಲ್ಲಿ ವಾಹನಗಳು ಬಲಗಡೆ ಓಡುತ್ತವೆ. ಉಗಾಂಡಾದಲ್ಲಿ ನಮ್ಮ ಹಾಗೆ ಎಡಗಡೆ. ಗಡಿ ದಾಟಿದ ಗಳಿಗೆಯಲ್ಲಿ ನಮ್ಮ ಡ್ರೈವರ್ ಬೋಸ್ಕೊ ಸ್ಟೀರಿಂಗ್ ಒಂಚೂರು ತಿರುಗಿಸಿ ಆ ಕಡೆಯಿಂದ ಈ ಕಡೆಗೆ ಬಂದ, ಮಲಗಿದವನು ಮಗ್ಗುಲು ಬದಲಿಸಿದ ಹಾಗೆ. ಎರಡೂ ಕಡೆಯ ಜನ ಆಡುವುದು ಹೆಚ್ಚುಕಡಿಮೆ ಒಂದೇ ಮಾತು. ಬೋಸ್ಕೊನ ಅತ್ತಿಗೆ ಅಲ್ಲಿಯವಳು, ಅವಳ ಅಂಗಡಿ ಇಲ್ಲಿ.

"ನೀವು ಯಾವ ಕಡೆಯವರು?" ಎಂದು ಅವನನ್ನು ಕೇಳಿದೆ.

"ಯಾರು ಕೇಳುತ್ತಿದ್ದಾರೆ ಅನ್ನುವುದರ ಮೇಲೆ," ಎಂದ.

ನನಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಚೆನ್ನೈಯಲ್ಲಿ ನಾವು 'ಕನ್ನಡಕ್ಕಾರ್', ಬೆಂಗಳೂರಿನ ನೆಂಟರ ಮನೆಯಲ್ಲಿ 'ಆ ತಮಿಳರು'.

ದಾರಿಯಲ್ಲಿ ಬಿಸಿ ಚಪಾತಿ ಸಿಕ್ಕಿತು. ಚಪಾತಿ ಎಂದೇ ಹೆಸರು. ಚಿಕ್ಕಪ್ಪ ಮಂಕಿ ಕ್ಯಾಪಿನಿಂದ ಚಟ್ನಿಪುಡಿ ತೆಗೆದು ಉದುರಿಸಿಕೊಂಡ. ಬೋಸ್ಕೊಗೂ ಕೊಟ್ಟ. ಬೋಸ್ಕೊ ಕಣ್ಣೀರಿಟ್ಟು ಇನ್ನೊಂದಿಷ್ಟು ಕೇಳಿದ. ನಂತರ ಗಂಟಲು ಸರಿಮಾಡಿಕೊಂಡು ಒಂದು ಸುದ್ದಿ ಹೇಳಿದ. ಗೊರಿಲ್ಲಾ ಕುಟುಂಬ ಒಂದೆರಡು ದಿನದಿಂದ ಮೇಲೆ ಮೇಲೆ ಹತ್ತುತ್ತಿದೆಯಂತೆ, ಬೆಟ್ಟದ ತಲೆಯ ಕಡೆಗೆ. ಆ ತಲೆಯ ಆಚೆ ಮಗ್ಗುಲು ರುವಾಂಡಾ.

ಚಿಕ್ಕಪ್ಪ ಅಗಿಯುವುದನ್ನು ನಿಲ್ಲಿಸಿದ.

ಕಾಡಿನ ಗೇಟು

ಬೆಳಿಗ್ಗೆ ಕಪ್ಪು ಮಣ್ಣಿನ ಆಲೂಗಡ್ಡೆ ಹೊಲಗಳ ನಡುವೆ ಹತ್ತಿ ಗೇಟಿಗೆ ಬಂದೆವು. ಎದುರಿಗೆ ಮೂರು ಬೆಟ್ಟ. ಒಂದರ ತುದಿ ಮುರುಕು ಮುರುಕಾಗಿದೆ, ಅದರ ಹೆಸರಿನ ಅರ್ಥವೇ ಮುದುಕನ ಹಲ್ಲು ಎಂದು. "ನಿನ್ನ ಫೋಟೋ ಇಟ್ಟಿದಾರೆ ನೋಡು," ಎಂದೆ. ಚಿಕ್ಕಪ್ಪ ನಗಲಿಲ್ಲ. ಶಾಟಿಗೆ ಮೊದಲು ಅವನು ಹೀಗೇ, ಯಾರ ಜೊತೆಗೂ ಮಾತಿಲ್ಲ.

ಶಾಟಿಗೆ ಮೊದಲು ಅವನಿಗೆ ಇನ್ನೊಂದು ಅಭ್ಯಾಸ. ಉಡುಪಿನೊಳಗೆ ಹೊಕ್ಕ ಮೇಲೆ ಸಂಜೆ ತನಕ ಮೂಗಿಗೆ ಕೈ ಹಾಕುವಂತಿಲ್ಲವಾದ್ದರಿಂದ, ಒಳಗೆ ಹೋಗುವ ಮುಂಚೆ ಒಂದು ಭರ್ಜರಿ ಚಿಟಿಕೆ ನಶ್ಯ ಏರಿಸುವುದು. ಅಂದೂ ಏರಿಸಿದ. ನಾನು ನೋಡಿದೆ, ಆದರೆ ತಡವಾಗಿತ್ತು. ಅಷ್ಟರಲ್ಲಿ ರೇಂಜರಮ್ಮ ಪ್ರೂಡೆನ್ಸ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಿಯಮ ಹೇಳತೊಡಗಿದ್ದಳು. ನಮ್ಮ ಶಾಲೆಯ ಗಣಿತದ ಟೀಚರ್ ಹಸಿರು ಸಮವಸ್ತ್ರ ತೊಟ್ಟು ಬಂದಂತಿದ್ದಳು.

"ಮೊದಲನೆಯ ನಿಯಮ. ನೆಗಡಿ, ಕೆಮ್ಮು, ಜ್ವರ ಇದ್ದವರು ಮೇಲೆ ಹೋಗುವಂತಿಲ್ಲ. ನಮ್ಮ ಸಣ್ಣ ಶೀತ ಒಂದು ಇಡೀ ಗೊರಿಲ್ಲಾ ಕುಟುಂಬವನ್ನು ತೆಗೆದುಬಿಡಬಹುದು."

ಸರಿಯಾಗಿ ಆಗ ನನ್ನ ಬೆನ್ನ ಹಿಂದೆ ಚಿಕ್ಕಪ್ಪ ಎರಡು ಸಲ ಸೀನಿ ಒಂದು ಸಲ ಕೆಮ್ಮಿದ.

ಪ್ರೂಡೆನ್ಸ್ ನಿಲ್ಲಿಸಿದಳು. ನಮ್ಮ ಗುಂಪಿನಲ್ಲಿದ್ದ ಜರ್ಮನ್ ದಂಪತಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದರು.

"ಕೆಮ್ಮಿದವರು ಯಾರು?"

ಯೋಚಿಸಲು ಪುರುಸೊತ್ತಿರಲಿಲ್ಲ. "ನಾನು," ಎಂದೆ. ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. ಕಲಾವಿದ ಸುಮ್ಮನಿರುತ್ತಾನೆಯೇ? ಸಾಕ್ಷಿ ಸಮೇತ ಕೆಮ್ಮಿ ತೋರಿಸಿದೆ. ಅದೂ ನಶ್ಯದ ಒಣ ಕೆಮ್ಮಲ್ಲ. ಮದುವೆ ಮನೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದ ನನ್ನ ತಾತನ ಕೆಮ್ಮು. ಎದೆಯಾಳದಿಂದ ಕಫ ಕಿತ್ತುಕೊಂಡು, ನಡುವೆ ಶಿಳ್ಳೆ ಹೊಡೆದು, ಕೊನೆಗೆ "ರಾಮಾ" ಎಂದು ಕೂರುವ ಕೆಮ್ಮು.

ಪ್ರೂಡೆನ್ಸ್ ಮೋಸ ಹೋಗುವ ಪೈಕಿ ಅಲ್ಲ. ನನ್ನನ್ನು ಬಿಟ್ಟು ಸೀದಾ ಚಿಕ್ಕಪ್ಪನ ಹತ್ತಿರ ಹೋದಳು. ಹಣೆಗೆ ಜ್ವರದ ಯಂತ್ರ ಹಿಡಿದಳು. ಅವನ ಕರ್ಚೀಫಿನ ಕಂದು ಕಲೆ ನೋಡಿದಳು. ಕೈ ಚಾಚಿದಳು. ಅವನು ಕಳ್ಳನ ಹಾಗೆ ನಶ್ಯದ ಡಬ್ಬಿ ಕೊಟ್ಟ. ಅವಳು ಮುಚ್ಚಳ ತೆಗೆದು ಮೂಸಿದಳು, ಮತ್ತು ಉಗಾಂಡಾ ಸರ್ಕಾರದ ಪರವಾಗಿ ಜೋರಾಗಿ ಸೀನಿದಳು.

"ಹೊಗೆಸೊಪ್ಪು," ಎಂದಳು ಕಣ್ಣೊರೆಸಿಕೊಂಡು. "ಈ ಡಬ್ಬಿ ಇಲ್ಲೇ ಇರುತ್ತದೆ. ಅಜ್ಜ ಮೂಗು ತೊಳೆದು, ನೀರು ಕುಡಿದು ಆ ಬೆಂಚಿನ ಮೇಲೆ ಕೂರಲಿ. ಗುಂಪು ಹೊರಡುವ ತನಕ ಇನ್ನೊಮ್ಮೆ ಕೆಮ್ಮದಿದ್ದರೆ ಹೋಗಬಹುದು." ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಹೋಗುವಂತಿಲ್ಲ."

"ಅಯ್ಯೋ ಮೇಡಂ, ನನಗೇನೂ ಇಲ್ಲ! ಅದು ಮಿಮಿಕ್ರಿ!"

ರುಜುವಾತಿಗೆ ಇಳಿದೆ. ರೈಲು ಮಾಡಿದೆ, ಕತ್ತೆ ಮಾಡಿದೆ, ನಮ್ಮ ವಿಮಾನದ ಗಗನಸಖಿಯನ್ನು ಮಾಡಿದೆ, ಕೊನೆಗೆ ಪ್ರೂಡೆನ್ಸಳನ್ನೇ ಮಾಡಿದೆ. ಸಾಮಾನು ಹೊರಲು ಬಂದಿದ್ದ ಕೂಲಿಯವರು ಬಿದ್ದು ಬಿದ್ದು ನಕ್ಕರು. ಅವಳೂ ತುಟಿ ಕಚ್ಚಿಕೊಂಡಳು.

"ಎಲ್ಲ ಚೆನ್ನಾಗಿದೆ. ಕೆಮ್ಮು ಎಲ್ಲಕ್ಕಿಂತ ಚೆನ್ನಾಗಿತ್ತು. ಕೂತುಕೋ."

ನನ್ನ ಕಲೆ ಎಷ್ಟು ಉತ್ತಮವೋ ನನ್ನ ಕೇಸು ಅಷ್ಟು ಬಡಕಲಾಗಿತ್ತು. ಒಬ್ಬ ರೋಗಿಯನ್ನು ತಡೆಯಲು ಹತ್ತು ಗಟ್ಟಿಮುಟ್ಟಾದವರನ್ನು ತಡೆದರೂ ತನಗೆ ಬೇಸರವಿಲ್ಲ ಎಂದಳು.

ಬೆಂಚಿನ ಮೇಲೆ ಚಿಕ್ಕಪ್ಪ ಉಸಿರನ್ನೂ ಲೆಕ್ಕ ಹಾಕಿ ಬಿಡುತ್ತಿದ್ದ. ಗಂಟಲಿನ ಉಂಡೆ ಮೇಲೆ ಬಂದು ಕೆಳಗಿಳಿಯುವುದು ನನಗೆ ಕಾಣುತ್ತಿತ್ತು. ಒಂದು ಸಲ ಕಣ್ಣು ಕೆಂಪಾಗಿ ನೀರು ತುಂಬಿತು, ಕುತ್ತಿಗೆಯ ನರ ಎದ್ದಿತು. ನಾನು ಹನುಮಂತನನ್ನು ನೆನೆದೆ. ನಿನ್ನ ಮಾತು ಕೇಳಿ ಬಂದವನು ಮಾರಾಯ, ಈಗ ಕೈ ಬಿಡಬೇಡ ಎಂದೆ. ಬೇಸಿಗೆಯಲ್ಲಿ ಆ ಕೂದಲಿನ ಉಡುಪಿನೊಳಗೆ ದಿನಗಟ್ಟಲೆ ಕೆಮ್ಮದೆ ಇದ್ದವನು ಅವನು. ನುಂಗಿಕೊಂಡ.

ಪ್ರೂಡೆನ್ಸ್ ಮಾಸ್ಕ್ ಕೊಟ್ಟು, ಊರುಗೋಲು ಕೊಟ್ಟು, "ಅಜ್ಜ, ಏಳು," ಎಂದಳು.

ಅವನು ಎದ್ದ, ಆದರೆ ಕದಲಲಿಲ್ಲ. "ನೀನಿಲ್ದೆ ಹೆಂಗೋ ಹೋಗ್ಲಿ ರಾಘು? ಅವರು ಇಂಗ್ಲಿಷಲ್ಲಿ ಏನಾದ್ರೂ ಕೇಳಿದ್ರೆ?"

"ಗೊರಿಲ್ಲಾ ಇಂಗ್ಲಿಷ್ ಕೇಳಲ್ಲ. ಹೋಗು."

"ನಿಂಗೆ ಬೇಜಾರಿಲ್ವಾ?"

"ನಾನು ದಿನಾ ಮನೇಲಿ ಒಂದು ನೋಡ್ತೀನಲ್ಲ. ಹೋಗು ಚಿಕ್ಕಪ್ಪ, ಅದು ಬೇರೆ ದೇಶಕ್ಕೆ ಹೋಗೋದ್ರೊಳಗೆ ಹೋಗು."

ಗೋಡೆಯ ಈ ಕಡೆ

ಕಾಡೆಮ್ಮೆಗಳು ಹೊಲಕ್ಕೆ ನುಗ್ಗದಂತೆ ಕಾಡಿನ ಅಂಚಿಗೆ ಕಲ್ಲಿನ ಮೋಟುಗೋಡೆ ಕಟ್ಟಿದ್ದಾರೆ. ಗುಂಪು ಬೇರೆ ರೇಂಜರುಗಳ ಜೊತೆ ಅದನ್ನು ದಾಟಿ ಬಿದಿರಿನಲ್ಲಿ ಮರೆಯಾಯಿತು. ನಾನು ಗೋಡೆಯ ಈ ಕಡೆ, ಕಾಡೆಮ್ಮೆಯ ಪಾಲಿಗೆ ಆ ಕಡೆ. ಪ್ರೂಡೆನ್ಸ್ ನನ್ನಿಂದ ದೂರದಲ್ಲಿ ಕೂತು ಮಡಿಲಲ್ಲಿ ವಾಕಿಟಾಕಿ ಇಟ್ಟುಕೊಂಡಳು.

ಪ್ರವಾಸ ಕಥನ ಬರೆಯುವವನಿಗೆ ಇದಕ್ಕಿಂತ ಅವಮಾನ ಬೇಕೆ? ಓದುಗರೇ, ಗೊರಿಲ್ಲಾದ ವರ್ಣನೆಗೆ ಕಾದಿದ್ದರೆ ಕ್ಷಮಿಸಿ. ಮುಂದಿನದೆಲ್ಲ ಒಂದು ವಾಕಿಟಾಕಿಯ ವರ್ಣನೆ.

ಅದು ಕರಕರ ಎಂದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ಭಾಷೆ ತಿಳಿಯದು, ದನಿ ತಿಳಿಯುತ್ತದೆ. ಮೊದಲ ದನಿ ಸಲೀಸಾಗಿತ್ತು.

"ರಾತ್ರಿ ಮಲಗಿದ ಜಾಗ ಸಿಕ್ಕಿದೆ," ಎಂದಳು ಪ್ರೂಡೆನ್ಸ್. "ಅಲ್ಲಿಂದ ಮೇಲೆ ಹೋಗಿವೆ."

"ಎಷ್ಟು ಮೇಲೆ?"

"ಬಿದಿರಿನ ತುದಿಗೆ."

ಎರಡನೆಯ ಸಲ ಬಂದ ದನಿಯಲ್ಲಿ ಏದುಸಿರಿತ್ತು. ಅವಳು ಕೇಳಿ, ಒಂದು ಮಾತು ಉತ್ತರ ಕೊಟ್ಟಳು.

"ಏನಂತೆ?"

"ಎರಡು ಬೆಟ್ಟದ ನಡುವಿನ ತಗ್ಗಿನ ಕಡೆ ಹೊರಟಿವೆ. ತಗ್ಗಿನ ಆಚೆ ನಮ್ಮದಲ್ಲ."

"ದಾಟಿದರೆ?"

"ಗೊರಿಲ್ಲಾ ದಾಟುತ್ತದೆ. ನಾವು ದಾಟುವುದಿಲ್ಲ." ಆಮೇಲೆ ಅವಳೇ ಕೇಳಿದಳು: "ಅಲ್ಲಿ ಕುಟುಂಬಗಳು ಹೆಚ್ಚು. ನೀವು ಯಾಕೆ ಈ ಕಡೆ ಬಂದಿರಿ?"

ಹೂವಿನ ಕಥೆ ಹೇಳಿದೆ. ಕಪಿಯ ಮುಖದ ದೇವರನ್ನು ಕೇಳಿದೆವು ಎಂದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ಕೇಳಬೇಕಾದವನನ್ನೇ ಕೇಳಿದ್ದೀರಿ. ಆದರೆ ಬೆಟ್ಟದ ಮೇಲಿನವನನ್ನೂ ಕೇಳಬೇಕಿತ್ತು."

ಮಂಜು ಇಳಿಯಿತು. ಮುದುಕನ ಹಲ್ಲುಗಳು ಒಂದೊಂದಾಗಿ ಉದುರಿದವು, ಆಮೇಲೆ ಬೆಟ್ಟವೇ ಇಲ್ಲವಾಯಿತು. ವಾಕಿಟಾಕಿ ಮತ್ತೆ ಕೂಗಿತು. ಈ ಸಲ ಅದರಲ್ಲಿ ಇಬ್ಬರ ದನಿ, ಒಬ್ಬನದು ಅವಸರ, ಇನ್ನೊಬ್ಬನದು ಸಿಡುಕು. 'ಮುಜೀ' ಎಂಬ ಮಾತು ಎರಡು ಸಲ ಬಂತು. ಹಿರಿಯರನ್ನು ಆ ಕಡೆ ಹಾಗೆ ಕರೆಯುತ್ತಾರೆಂದು ಬೋಸ್ಕೊನಿಂದ ಕಲಿತಿದ್ದೆ.

"ಚಿಕ್ಕಪ್ಪನಿಗೇನಾಯಿತು?"

"ಕೂತುಬಿಟ್ಟಿದ್ದಾನೆ. ಮೊಣಕಾಲು ಮಡಚುತ್ತಿಲ್ಲ. ಕೆಳಗೆ ಕರೆತರೋಣ ಅನ್ನುತ್ತಾನೆ ಒಬ್ಬ. ಮುಜೀ ಬರುವುದಿಲ್ಲ ಅನ್ನುತ್ತಿದ್ದಾನೆ."

ಹೂವನ್ನು ಬೈದೆ. ಆ ನುಣ್ಣನೆ ರಸ್ತೆ ನೆನಪಾಯಿತು, ಹಲವು ಕುಟುಂಬಗಳು, ಒಂದು ಸಿಗದಿದ್ದರೆ ಇನ್ನೊಂದು. ಕಣ್ಣು ಮುಚ್ಚಿ ಪೊಟ್ಟಣ ಎತ್ತುವವರ ಕೈಗೆ ಇಂಥ ವಿಷಯ ಕೊಟ್ಟ ನಮಗೆ ಬುದ್ಧಿ ಬೇಡವೇ? "ಅವನಿಗೆ ಹೇಳಿ," ಎಂದೆ. "ಇಲ್ಲ, ನನ್ನ ಕೈಗೆ ಕೊಡಿ, ನಾನು ಹೇಳುತ್ತೇನೆ."

"ರೋಗಿಯ ಕೈಗೆ ವಾಕಿಟಾಕಿ ಕೊಡುವುದಿಲ್ಲ," ಎಂದಳು. ಆದರೆ ಗುಂಡಿ ಒತ್ತಿ ನನ್ನ ಕಡೆ ಚಾಚಿ ಹಿಡಿದಳು, ನನ್ನ ಕೈಗೆ ಎಟುಕದಷ್ಟು ದೂರದಲ್ಲಿ.

ಬಾಯಿ ತೆರೆದೆ. ಹೊರಟಿದ್ದು ಇನ್ನಾರದೋ ದನಿ. ಬೆಳಗಿನ ಜಾವ ಸ್ಟುಡಿಯೋ ಗೇಟಿನಲ್ಲಿ ಮೈಕು ಹಿಡಿದು, ಎಲ್ಲಿ ಹೋದೆ, ಬಾ ಎಂದು ತಮಿಳಿನಲ್ಲಿ ಕೂಗುತ್ತಿದ್ದ ಪ್ರೊಡಕ್ಷನ್ ಮ್ಯಾನೇಜರರ ದನಿ. "ಶೇಷೂ! ಶಾಟ್ ರೆಡಿ ಪಾ! ಎಂಗಯ್ಯಾ ಪೋಯಿಟ್ಟೇ? ವಾ, ವಾ!"

ವಾಕಿಟಾಕಿ ಕರಕರ ಎಂದಿತು. ಆಮೇಲೆ ದೂರದಿಂದ ಚಿಕ್ಕಪ್ಪನ ದನಿ, ತಮಿಳಿನಲ್ಲೇ, "ಇದೋ ವಂದುಟ್ಟೇನ್ ಸಾರ್." ಇಗೋ ಬಂದೆ ಎಂದು.

ನಂತರ ವಾಕಿಟಾಕಿ ಸತ್ತಂತಾಯಿತು.

ಗೊರಿಲ್ಲಾ ಸಿಕ್ಕಾಗ ಅದನ್ನು ಆಫ್ ಮಾಡುತ್ತಾರೆ ಎಂದಳು ಪ್ರೂಡೆನ್ಸ್. ಹಳ್ಳದಲ್ಲಿ ಇಳಿದಾಗಲೂ ಸಿಗ್ನಲ್ ಹೋಗುತ್ತದೆ ಎಂದಳು. ಯಾವುದು ಎಂದು ಕೇಳಿದ್ದಕ್ಕೆ ಭುಜ ಕುಣಿಸಿದಳು. ಮಳೆ ಹನಿಯಿತು, ನಿಂತಿತು. ಹೊಲದಲ್ಲಿ ಹೆಂಗಸರು ಆಲೂಗಡ್ಡೆ ಅಗೆದು ಮುಗಿಸಿ ಹೊರಟರು. ನಾನು ಯಾರ ದನಿಯಲ್ಲೂ ಮಾತಾಡದೆ ಇಷ್ಟು ಹೊತ್ತು ಕೂತದ್ದು ಅಮ್ಮ ನೋಡಿದ್ದರೆ ಡಾಕ್ಟರನ್ನು ಕರೆಸುತ್ತಿದ್ದಳು.

ಬಿದಿರು ಅಲುಗಿತು. ಮೊದಲು ಜರ್ಮನ್ ದಂಪತಿ ಬಂದರು, ನಗುತ್ತ. ನಗುತ್ತ ಎಂದರೆ ಸಿಕ್ಕಿದೆ! ಚಿಕ್ಕಪ್ಪನಿಲ್ಲ. ಆಮೇಲೆ ರೇಂಜರುಗಳು. ಎಲ್ಲರಿಗಿಂತ ಕೊನೆಗೆ, ಒಬ್ಬ ಕೂಲಿಯ ಹೆಗಲ ಮೇಲೆ ಕೈ ಹಾಕಿಕೊಂಡು, ಸೊಂಟದ ತನಕ ಕೆಸರು ಮೆತ್ತಿಕೊಂಡು ಅವನು ಬಂದ. ಮಾಸ್ಕ್ ಇನ್ನೂ ಮುಖದ ಮೇಲಿತ್ತು.

"ನೋಡಿದ್ಯಾ?"

ಹೌದೆಂದು ತಲೆಯಾಡಿಸಿದ.

"ನೀನ್ ಹೋಗೋ ಹೊತ್ತಿಗೆ ಎಲ್ಲಿತ್ತು? ಈ ಕಡೇನಾ, ಆ ಕಡೇನಾ?"

"ಬಾಂದು ಕಲ್ಲು ಹುಡುಕಿದೆ ಕಣೋ, ಸಿಗ್ಲಿಲ್ಲ. ಆ ದೊಡ್ಡ ಗಂಡು ಕೂತು ತಿಂತಿದ್ದ. ಎದ್ದು ಹೋಗೋ ಯೋಚ್ನೇನೇ ಇದ್ದಂಗಿರ್ಲಿಲ್ಲ."

"ನೀನ್ ಮಾಡಿದ್ದು ಸರಿಯಾ?"

ಅವನು ಮಾಸ್ಕ್ ತೆಗೆದ. ಊರುಗೋಲು ನನ್ನ ಕೈಗೆ ಕೊಟ್ಟ. ಗೇಟಿನ ಮುಂದಿನ ಹುಲ್ಲಿನ ಮೇಲೆ ನಿಂತು ತನ್ನ ಹಳೆಯ ಗೊರಿಲ್ಲಾ ತೋರಿಸಿದ. ಕೈ ಜೋತುಬಿಟ್ಟು ಅತ್ತಿತ್ತ ತೂಗಿ, ಎದೆ ಗುದ್ದಿಕೊಂಡು, ಹಲ್ಲು ಕಿರಿದು ಒಂದು ಘರ್ಜನೆ. ರೇಂಜರುಗಳು ಚಪ್ಪಾಳೆ ತಟ್ಟಿ ಕುಣಿದರು.

"ಇದು ವಡಪಳನಿ," ಎಂದ ಚಿಕ್ಕಪ್ಪ. "ಪೂರ್ತಿ ತಪ್ಪು."

ಆಮೇಲೆ ಕೂತ. ಮೊಣಕಾಲು ಒಪ್ಪಲಿಲ್ಲ, ಆದರೂ ನೆಲಕ್ಕೆ ಇಳಿದು ಕೂತ. ಬೆನ್ನು ಹಿಂದಕ್ಕೆ ಬಿಟ್ಟು, ಭುಜಗಳನ್ನು ಕಳಚಿಟ್ಟ ಹಾಗೆ ಸಡಿಲ ಮಾಡಿ, ಒಂದು ಕೈಯನ್ನು ಮೊಣಕಾಲಿನ ಮೇಲೆ ಮರೆತುಬಿಟ್ಟ. ಇನ್ನೊಂದು ಕೈ ಹುಲ್ಲಿನ ಕಡ್ಡಿ ಕಿತ್ತಿತು, ಸುಲಿಯಿತು. ನಮ್ಮ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೂ ಅಲ್ಲ. ನಾವು ಅಲ್ಲಿರುವುದು ಅವನಿಗೆ ಗೊತ್ತಿತ್ತು, ಅದರಿಂದ ಅವನಿಗೆ ಆಗಬೇಕಾದ್ದೇನೂ ಇರಲಿಲ್ಲ.

ನಗು ನಿಂತಿತು. ಜರ್ಮನ್ ಹೆಂಗಸು ಕ್ಯಾಮೆರಾ ಕೆಳಗಿಳಿಸಿದಳು. ನಾನು ಗೊತ್ತಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದಿದ್ದೆ.

ನನ್ನ ಪಕ್ಕದಲ್ಲಿ ಪ್ರೂಡೆನ್ಸ್ ತಲೆ ತಗ್ಗಿಸಿ ಗಂಟಲಿನಾಳದಿಂದ ಮೆಲ್ಲಗೆ ಹೂಂಕರಿಸಿದಳು. ಗೊರಿಲ್ಲಾಗಳ ಹತ್ತಿರ ಹೋಗುವಾಗ, ನಾವು ಬಂದಿದ್ದೇವೆ, ಹೆದರಬೇಡ ಎಂದು ತಿಳಿಸಲು ಅವರು ಮಾಡುವ ಸದ್ದು ಅದು ಎಂದು ಆಮೇಲೆ ಹೇಳಿದಳು. ಹೇಳುವಾಗ ಅವಳಿಗೇ ನಾಚಿಕೆಯಾಗಿತ್ತು.

ಚಿಕ್ಕಪ್ಪ ತಿರುಗಿ ನೋಡಲಿಲ್ಲ. ಇನ್ನೊಂದು ಕಡ್ಡಿ ಕಿತ್ತು, ಸುಲಿದು, ಅಗಿಯುತ್ತ ಕೂತ.